ಮಾಸ್ತರಿಗೆ ಇಲ್ಲ ಅನ್ನದ ಹಗೇವು

ಮಾಸುಮಬಿಗೆ ಕಂಟಾಳಿ ಬಂದಿತ್ತು. ನಿನ್ನಿ ಮೊನ್ನಿ ಬಂದದ್ದಲ್ಲರಿ ಅದು, ಹದಿನೈದು ವರ್ಷದ ಬ್ಯಾಸರಕಿ. ಸಂಖದಿಂದ ಜತ್ತಕ್ಕ ಮುಂಜಾನಿ ಎಸ್ಟಿ ಬಸ್ಸು, ಜತ್ತದಿಂದ ಸಂಖಕ್ಕ ಸಂಜಿ ಎಸ್ಟಿ, ನಡುವ ದಿನಾ ಪೂರಾ ಬೆರಳು ಬಡಿಯೂದು. ಎಸ್ಟಿಯೊಳಗ ಕಿಡಕಿ ಬಾಜು ಜಾಗಾ ಸಿಕ್ಕರ ಅವತ್ತಿನ ಮಟ್ಟಿಗೆ ಅದ ಆಕಿ ಹಬ್ಬ.

ತೊಂಬತ್ತರ ದಶಕ ಪೂರ್ತಿ ಆಕಿ ಜತ್ತದ ತಹಸೀಲ ಕಚೇರಿ ಎದುರು, ಬೇವಿನ ಗಿಡದ ಬುಡಕ, ತಗಡಿನ ಪೆಟಗಿ ಮ್ಯಾಲ ಟೈಪರೈಟರ ಇಟಗೊಂಡು ಕುಂದರತಿದ್ಲು. ಮರಾಠಿ ಮಂದಿ ಅರ್ಜ ಮರಾಠಿಯೊಳಗ, ಕನ್ನಡದಾಗ ಅಳಕೋತ ಬಂದವರ ಅರ್ಜನೂ ಮರಾಠಿಯೊಳಗ, ಮಾತು ಕನ್ನಡ ಆದ್ರೂ ರಾಜ್ಯ ಮರಾಠಿದು. ಹೊಲದ ಗಟ್ ನಂಬರ ತಪ್ಪಿತಂದ್ರ ಹೇಳಿದಾಂವಂದು ತಪ್ಪಲ್ಲ, ಬರಕೊಟ್ಟ ಊರ ಲೆಕ್ಕಿಗ ತಲಾಠೀದೂ ತಪ್ಪಲ್ಲ. "ಆ ಟೈಪಿನ ಹೆಂಗಸು ಹಾಳ ಮಾಡ್ಯಾಳ" ಅಂತ ಎಲ್ಲಾರೂ ಕೂಡಿ ಹೇಳೂದು. ಕಡೀಕ ಮುಟ್ಟಿದಾಕಿ ಆಕಿನ ಅಲ್ಲ? ಆಕಿ ಬಾಯಿ ಮಾಡೂ ಪೈಕಿ ಅಲ್ಲ. ಮಾರಿ ಒರಿಸಿಕೊಂಡು ಮತ್ತೊಂದು ಹಾಳಿ ಏರಿಸತಿದ್ಲು.

ಆಕಿ ಟೈಪಿಂಗ ಕಲತದ್ದ ಶಂಕರೆಪ್ಪ ಮಾಸ್ತರ ದಯಾದಿಂದ. ಮಾಸ್ತರು ವಳಸಂಗದವರು, ಸಂಖದ ಕನ್ನಡ ಸಾಲಿಯೊಳಗ ಆಕಿಗೆ ಅಕ್ಷರ ತಿದ್ದಿಸಿದವರು. ಏಳನೇತ್ತಾ ಮುಗದಾಗ ಆಕಿ ಅಪ್ಪ, "ಹುಡಿಗಿಗೆ ಇಷ್ಟ ಸಾಕ್ರಿ ಮಾಸ್ತರ" ಅಂದ. ಮಾಸ್ತರು ಮನಿ ಕಟ್ಟಿ ಮ್ಯಾಲ ಬಂದು ಕುಂತ್ರು. ಚಹಾ ಬಂತು, ಮುಟ್ಟಲಿಲ್ಲ. ಮರುದಿನ ಬಂದ್ರು, ಚಹಾ ಬಂತು, ಮುಟ್ಟಲಿಲ್ಲ. ಮೂರನೇ ದಿನ ಅಪ್ಪ ತಾನ ಕೈ ಮುಗದು, "ಕಲಸ್ರಿ, ನಿಮ್ಮ ಹಟ ನನಗ ಸಾಕಾತು, ಮೊದಲ ಚಹಾ ಕುಡೀರಿ" ಅಂದ. ಮಾಸ್ತರ ಹಂತೇಕ ಇದ್ದ ಆಯುಧ ಅದೊಂದ. ಸಿಟ್ಟು ಬಂದ್ರ ಒದರೂದಿಲ್ಲ, ಬಡಿಯೂದಿಲ್ಲ, ಚಹಾ ಬಿಡತಿದ್ರು.

ಎರಡು ಸಾವಿರದ ನಾಕರಾಗ ಮಾಸ್ತರು ನಿವೃತ್ತ ಆಗಿ ಜತ್ತದ ಒಂದು ಆರೋಗ್ಯ ಮಾಹಿತಿ ಕೇಂದ್ರದಾಗ ಭಾಷಾಂತರದ ಕೆಲಸಾ ಹಿಡದ್ರು. ತಾಲೂಕಿನ ಮೂಡಲ ಭಾಗದ ಹಳ್ಳಿ ನರ್ಸಬಾಯಿ, ಅಂಗನವಾಡಿ ಸೇವಿಕಾಗೋಳಿಗೆ ಮರಾಠಿ ಹಾಳಿ ಅರ್ಧಮರ್ಧ ತಿಳೀತಿದ್ದವು. ಯಾವ ಔಷಧ, ಎಷ್ಟು ವಯಸ್ಸಿಗೆ, ಎಷ್ಟು ಚಮಚ, ಇದನ್ನೆಲ್ಲಾ ಕನ್ನಡದಾಗ ಮಾಡಿ ಕಳಸೂದು ಕೇಂದ್ರದ ಕೆಲಸ. ಮಾಸ್ತರು ಒಂದಿನ ಬೇವಿನ ಗಿಡದ ಹಂತೇಕ ಬಂದು ನಿಂತು, "ಏಳವ್ವಾ ಮಾಸುಮಬಿ, ಬಿಸಲಾಗ ಕುಂತದ್ದು ಸಾಕು" ಅಂದ್ರು. ಆಕಿ ಅವತ್ತ ಟೈಪರೈಟರ ಮುಚ್ಚಿ ಕೇಂದ್ರದ ಕಂಪ್ಯೂಟರ ಹಿಡದ್ಲು.

ಆದ್ರ ಹಣೀಬಾರ ಎಲ್ಲಿ ಬಿಡತೈತಿ? ಅಲ್ಲೂ ಅದ ಗೋಳು. ಒಂದ ಹಾಳಿಗೆ ಹತ್ತು ಪ್ರತಿ. "ಹೊಸಾದು", "ಖರೇ ಹೊಸಾದು", "ಕಡೇದು", "ಕಡೇದು ನಂದಾ", ಹಿಂಗ ಹೆಸರು ಇಟ್ಟು ಇಟ್ಟು ಕಂಪ್ಯೂಟರ ತುಂಬಿ ತುಳಕಾಡತಿತ್ತು. ನಂದಾ ಅಂದ್ರ ಪುಟಾ ಜೋಡಸೂ ಹುಡಿಗಿ, ಕೈ ಭಾಳ ಚುರುಕು, ತಾಳ್ಮಿ ಇಲ್ಲ. ಛಾಪಖಾನಿಗೆ ಹಳೇದು ಹೋತಂದ್ರ ಮತ್ತ ಬೆರಳು ಮಾಸುಮಬಿ ಕಡೆನ ತಿರಗತಿತ್ತು. ಗಿಡದ ಬುಡಕಾದ್ರ ಗಾಳಿಯಾದ್ರೂ ಬೀಸತಿತ್ತು ಅಂತ ಆಕಿಗೆ ಅನಸತಿತ್ತು.

ಮುಂದಿನ ವರ್ಷ ಮಿರಜದಿಂದ ಕಲ್ಮೇಶ ಅಂತ ಕಂಪ್ಯೂಟರ ಬಲ್ಲಾಂವ ಒಬ್ಬ ಬಂದ. ಮೂರು ತಿಂಗಳಿಗೊಮ್ಮೆ ಬರೂ ಕರಾರಿನ ಮ್ಯಾಲ. ಅಂವಾ ಜೀನಾದ, ಅಂದ್ರ ಮೆಟ್ಟಲದ, ಕೆಳಗ ಒಂದು ಹಳೇ ಮಷೀನ ಇಟ್ಟು, ಅದರಾಗ ರಿಪಾಜಿಟರಿ ಅಂತ ಕೂಡಿಸಿದ. ಯಾರು ಯಾವ ಹಾಳಿ ಬದಲಿ ಮಾಡಿದ್ರೂ ಅದರಾಗ ಹಾಕಬೇಕು, ಹಾಕಿದವರ ಹೆಸರು, ತಾರೀಖು, ಹಳೇದು, ಹೊಸಾದು ಎಲ್ಲಾ ಅಲ್ಲೇ ಉಳೀತೈತಿ, ಯಾರಿಗೂ ಅಳಸಾಕ ಬರೂದಿಲ್ಲ. ರಿಪಾಜಿಟರಿ ಅನ್ನೂ ಹೆಸರು ಯಾರ ನಾಲಿಗಿ ಮ್ಯಾಲೂ ಹೊರಳಲಿಲ್ಲ. ನೆಲದಾಗ ಜ್ವಾಳಾ ಹುಗದು ಇಡೂ ಹಗೇವು ಇದ್ದಂಗ ಐತಲ್ಲ ಅಂತ ಮಾಸ್ತರು ಅಂದ್ರು, ಅದ ಹೆಸರು ನಿಂತು ಹೋತು. "ಹಗೇವಿಗೆ ಹಾಕಿದೇನು?" "ಹಾಕೇನ್ರಿ." ಕೇಳಿದ ಹೊರಗಿನವರು ನಗತಿದ್ರು.

ಮಾಸುಮಬಿ ನಗಲಿಲ್ಲ. ಆಕಿಗೆ ಜೀವ ಬಂದಂಗ ಆತು. ಯಾರು ಏನು ಮಾಡ್ಯಾರ ಅನ್ನೂದಕ್ಕ ದಾಖಲಾ! ಮಷೀನು ಕೊಡೂ ತಕ್ರಾರನ್ನ ಕಡೀತನಕ ಓದಾಕಿ ಆಕಿ ಒಬ್ಬಾಕಿನ ಇದ್ಲು, ಹಿಂಗಾಗಿ ಕಲ್ಮೇಶ ಹಗೇವಿನ ಕೀಲಿಕೈ ಆಕಿ ಕೈಯಾಗ ಕೊಟ್ಟ.

ಕೇಂದ್ರದ ಕಾರ್ಯದರ್ಶಿ ದುಂಡಪ್ಪ ಸಾಹೇಬ್ರು ಎರಡು ನಿಯಮಾ ಬರದು ಗ್ವಾಡಿಗೆ ಹಚ್ಚಿದ್ರು. ಒಂದು, ಏನು ಬದಲಿ ಮಾಡೀರಿ ಅನ್ನೂದನ್ನ ಬರದ ಹಾಕಬೇಕು. ಎರಡು, ಔಷಧದ ಅಂಕಿ ಬದಲಿ ಆಗಿದ್ರ, ಅದನ್ನ ನೋಡಿ ಹೌದಂದ ನರ್ಸಬಾಯಿ ಹೆಸರು ಬರೀಬೇಕು. ಗ್ವಾಡಿ ಮ್ಯಾಲಿನ ಹಾಳಿ ಯಾರು ಓದತಾರ್ರಿ? ಒಬ್ರು "ಆತು" ಅಂತ ಬರದ್ರ ಮತ್ತೊಬ್ರು ಒಂದು ಚುಕ್ಕಿ ಇಟ್ಟು ಬಿಡೂದು. ಕಲ್ಮೇಶ ಎಲ್ಲಾರ ಕಂಪ್ಯೂಟರನ್ಯಾಗ ಒಂದೊಂದು ತಪಾಸಣಿ ಕೂಡಿಸಿ ಹ್ವಾದ. ನಂದಾ ಎರಡ ದಿನದಾಗ ಅದನ್ನ ಕಿತ್ತಿ ಒಗದ್ಲು. "ಭಾಳ ಕಿರಿಕಿರಿ ಮಾಡತಿತ್ತ್ರಿ ಅಕ್ಕಾ" ಅಂದ್ಲು, ನಾಚಿಕಿ ಇಲ್ಲದ.

ಮುಂದಿನ ಸಲ ಬಂದಾಗ ಕಲ್ಮೇಶ ತಲಿ ಕೆರಕೊಂಡು ಅಂದ, "ಅವರವರ ಮನ್ಯಾಗ ಇಟ್ರ ನಡಿಯೂದಿಲ್ಲ ಅಕ್ಕಾ. ಸರ್ವರಿನಾಗ, ಜೀನಾದ ಕೆಳಗಿನ ಆ ಮಷೀನಿನಾಗ, ಇಡಬೇಕು. ಹಸೀ ಕಾಳು ತರಬ್ಯಾಡ್ರಿ ಅಂತ ಗಿರಣ್ಯಾಂವ ಮನಿ ಮನಿಗೆ ಹೋಗಿ ಹೇಳತಾನೇನು? ಗಿರಣಿ ಬಾಗಲದಾಗ ಕೈ ಹಾಕಿ ನೋಡತಾನ, ಹಸೀ ಇದ್ರ ತಿರಗಿ ಕಳಸತಾನ. ಅಷ್ಟ." ಆ ಬಾಗಲದ ಕಾವಲಿಗೆ ಹುಕ್ ಅಂತ ಹೆಸರು. ಹಗೇವಿಗೆ ಏನರ ಬೀಳೂಕಿಂತ ಮೊದಲ ಸರ್ವರು ಆ ಹುಕ್ಕನ್ನ ಕೇಳತೈತಿ. ಅದು ಸೊನ್ನಿ ಅಂದ್ರ ಒಳಗ ಬಿಡತೈತಿ, ಬ್ಯಾರೆ ಅಂಕಿ ಅಂದ್ರ ತಿರಗಿ ಕಳಸತೈತಿ.

ಅದನ್ನ ಬರಿಯೂದರಾಗ ಮಾಸುಮಬಿ ಹೈರಾಣ ಆದ್ಲು. ಬರದ ಕಡತಕ್ಕ ಓಡೂ ಪರವಾನಗಿ ಕೊಡೂದು ಮರತಿದ್ಲು, ಹುಕ್ ಸುಮ್ಮ ಮಲಗಿತ್ತು, ತಪ್ಪು ಅಂತನೂ ಅನ್ನಲಿಲ್ಲ. ಒಂದು ದಿನಾ ಅದರಾಗ ಹ್ವಾತು. ಆಮ್ಯಾಲ ಓಡಿತು, ಆದ್ರ ಯಾವ ಆಜ್ಞೆನೂ ಸಿಗವಲ್ಲವು. ಕಲ್ಮೇಶ ಫೋನಿನಾಗ ನಕ್ಕ: "ಹುಕ್ ಬರಿಗೈಲೆ ಬರತೈತ್ರಿ ಅಕ್ಕಾ, ಅದಕ್ಕ ದಾರಿ ಗೊತ್ತಿರೂದಿಲ್ಲ. ಯಾವ ಆಜ್ಞೆ ಎಲ್ಲೈತಿ ಅಂತ ಪೂರಾ ವಿಳಾಸ ಬರೀರಿ." ವಿಳಾಸ ಬರದ್ಲು. ಆಗ ತಿರಗಿ ಕಳಸೂ ಮಾತು ಕನ್ನಡದಾಗ ಬರೂ ಬದಲಿ ಬರೇ ಅಂಕಿ ಅಂಕಿ ಆಗಿ ಬಂತು. ಅದಕ್ಕ ಭಾಷಾ ಯಾವುದು ಅಂತ ಹೇಳೂ ಒಂದು ಸಾಲು ಸೇರಿಸಿದ ಮ್ಯಾಲ, ಯಾ ಅಲ್ಲಾ, ಪರದೆ ಮ್ಯಾಲ ಆಕಿ ಬರದ ಮಾತು ಚಂದಾಗಿ ಮೂಡಿತು:

"ತಪ್ಪು ತಿಳಕೋಬ್ಯಾಡ್ರಿ. ಏನು ಬದಲಿ ಮಾಡೀರಿ, ಯಾರು ನೋಡ್ಯಾರ, ಅದನ್ನ ಬರದು ಮತ್ತೊಮ್ಮೆ ಹಾಕ್ರಿ."

"ಬ್ಯಾಡ ಅನ್ನಾಕೂ ಇಷ್ಟು ಮರ್ಯಾದೀ ಏನ್ರಿ ಅಕ್ಕಾ!" ಅಂತ ನಂದಾ ನಕ್ಕಳು. ಮಾಸುಮಬಿಗೆ ಒಳಗೊಳಗ ಸಂತೋಷ ಆಗಿತ್ತು. ಇನ್ನ ಯಾರ ತಪ್ಪು ಅವರದ, ತನ್ನ ತಲಿ ಮ್ಯಾಲ ಬೀಳೂದಿಲ್ಲ.

ಅದು ಎರಡು ಸಾವಿರದ ಆರರ ಜೂನ. ಮೊದಲನೇ ದಿನ ಹುಕ್ ತಿರಗಿ ಕಳಿಸಿದ್ದು ಯಾರ್ನ ಅಂತೀರಿ? ಶಂಕರೆಪ್ಪ ಮಾಸ್ತರನ್ನ. ಅವರು ಏನೂ ಬರೀದ ಹಾಕಿದ್ರು, ತಿರಗಿ ಬಂತು. "ಸರಿ ಮಾಡೇನಿ" ಅಂತ ಬರದು ಹಾಕಿದ್ರು, ನರ್ಸಬಾಯಿ ಹೆಸರಿಲ್ಲ, ತಿರಗಿ ಬಂತು. ಮೂರನೇ ಸಲನೂ ಬಂತು. ಮಾಸ್ತರು ಕನ್ನಡಕ ತಗದು ಧೋತರದ ಚುಂಗಿಲೆ ಒರಸಕೊಂಡ್ರು. ಅಷ್ಟರಾಗ ಚಹಾ ಬಂತು. ಮಾಸ್ತರು ಮುಟ್ಟಲಿಲ್ಲ.

ಬಟ್ಟಲದಾಗ ಚಹಾ ಆರಿ ಕೆನಿ ಕಟ್ಟಿತು. ಮಾಸುಮಬಿಗೆ ಅದನ್ನ ನೋಡಾಕ ಆಗಲಿಲ್ಲ. ತನಗ ಅಕ್ಷರ ಕೊಟ್ಟಾಂವಗ, ತನ್ನ ಸಲುವಾಗಿ ಮೂರು ದಿನ ಚಹಾ ಬಿಟ್ಟಾಂವಗ, ತಾನ ಬರದ ಯಂತ್ರ ಮೂರು ಸಲ ಬ್ಯಾಡ ಅಂದಿತ್ತು. ನಮ್ಮ ಕಡೆ ಹಿರ್ಯಾರು ತಂದದ್ದನ್ನ ತಿರಗಿ ಕಳಸೂ ಪದ್ಧತಿ ಎಲ್ಲೈತ್ರಿ? ಮಾಸ್ತರು ಎದ್ದು ಹ್ವಾದ ಮ್ಯಾಲ ಆಕಿ ಜೀನಾದ ಕೆಳಗ ಕುಂತು ಹುಕ್ಕಿನ್ಯಾಗ ಮೂರು ಸಾಲು ಸೇರಿಸಿದ್ಲು. ಹಾಕೂದು ಶಂಕರೆಪ್ಪ ಇದ್ರ ಏನೂ ಕೇಳಬ್ಯಾಡ, ಬಿಟ್ಟು ಬಿಡು. ಯಾರಿಗೂ ಹೇಳಲಿಲ್ಲ. ಹೇಳಿದ್ರ ಅದು ಮರ್ಯಾದೀನ ಉಳಿಯೂದಿಲ್ಲ ಅಂತ ಆಕಿ ಲೆಕ್ಕ. ಮರುದಿನ ಮಾಸ್ತರು ಹಾಕಿದ್ರು, ಸಲೀಸ ಹ್ವಾತು. ಮಾಸ್ತರು ಚಹಾ ಕುಡದ್ರು.

ಇಂಥಾದ್ದು ಎಷ್ಟು ದಿನಾ ಮುಚ್ಚಿರತೈತಿ? ಕಾರಣ ಯಾರಿಗೂ ಗೊತ್ತಾಗಲಿಲ್ಲ, ಆದ್ರ ಮಾಸ್ತರ ಮಷೀನದಿಂದ ಹಾಕಿದ್ರ ತಕರಾರ ಇಲ್ಲದ ಹೋಗತೈತಿ ಅನ್ನೂದು ಕೇಂದ್ರಕ್ಕೆಲ್ಲಾ ಗೊತ್ತಾತು. ಹುಕ್ ತಿರಗಿ ಕಳಿಸಿದಾಗೆಲ್ಲಾ ನಂದಾ ಪೆನ್‌ಡ್ರೈವ್ ಹಿಡಕೊಂಡು ಮಾಸ್ತರ ಕಡೆ ಓಡತಿದ್ಲು. "ಮಾಸ್ತರ, ನಿಮ್ಮ ಕೈಗುಣ ಚಲೋ ಐತಿ, ಇದೊಂದು ಹಾಕಿ ಕೊಡ್ರಿ." ಮಾಸ್ತರು ಬ್ಯಾಡ ಅನ್ನೂ ಮನುಷ್ಯ ಅಲ್ಲ. ಮಾಸುಮಬಿ ನೋಡತಿದ್ಲು. ಇವತ್ತ ಹೇಳಬೇಕು, ನಾಳೆ ತಗೀಬೇಕು ಅಂತ ದಿನಾ ಎಸ್ಟಿಯೊಳಗ ಅಂದಕೋತಿದ್ಲು. ಸಂಜಿ ಅನ್ನೂದರಾಗ ಮೈ ಸೋತು ಹೋಗತಿತ್ತು. ಹಿಂಗ ಎಂಟು ತಿಂಗಳು ಹ್ವಾದವು.

ಎರಡು ಸಾವಿರದ ಏಳರ ಫೆಬ್ರುವರಿಯಾಗ ಒಂದಿನ ಮುಂಜಾನಿ ವಳಸಂಗದ ನರ್ಸಬಾಯಿ ಯಲ್ಲವ್ವ ಕೇಂದ್ರಕ್ಕ ಬಂದ್ಲು. ಕುಂದ್ರಿ ಅಂದ್ರ ಕುಂದರಲಿಲ್ಲ. ಕೈಯಾಗಿನ ಹಾಳಿ ಮೇಜಿನ ಮ್ಯಾಲ ಬಡದ್ಲು. ಮಕ್ಕಳ ನೆಗಡಿ ಔಷಧದ ಹಾಳಿ. ಆ ಔಷಧ ಈಗ ಎರಡು ಪಟ್ಟು ಜೋರಿಂದು ಬರತಿತ್ತು, ಹಿಂಗಾಗಿ ಎರಡು ಚಮಚ ಇದ್ದದ್ದು ಒಂದು ಚಮಚ ಆಗಬೇಕು ಅಂತ ಹ್ವಾದ ತಿಂಗಳ ತಿದ್ದಿದ್ರು. ಛಾಪಿಸಿ ಬಂದ ಹಾಳಿಯಾಗ ಮತ್ತ ಎರಡು ಚಮಚ ಇತ್ತು.

"ಬೀರದೇವನ ಮಗಳು, ಎರಡು ವರ್ಷದ ಕೂಸು. ನಮ್ಮ ಸೇವಿಕಾ ಹಾಳಿ ನೋಡಿ ಕೊಟ್ಟಾಳ. ಕೂಸು ಮಲಕೊಂಡದ್ದು ಏಳವಲ್ಲದು! ಮೊಲಿಗೆ ಹಚ್ಚಿದ್ರ ಬಾಯಿ ತಗೀವಲ್ಲದು! ನಿನ್ನಿ ದವಾಖಾನಿಗೆ ಹಾಕೇವಿ, ಇವತ್ತ ಕಣ್ಣು ತಗದೈತಿ. ಇಲ್ಲಾಂದ್ರ ಯಾರ ಕಡೆ ಹೋಗಿ ಅಳಬೇಕಿತ್ತು ಆ ತಾಯಿ?"

ದುಂಡಪ್ಪ ಸಾಹೇಬ್ರು ಹಗೇವಿನ ದಾಖಲಾ ತಗಸಿ ನೋಡಿದ್ರು. ಅಂಕಿ ಹಿಂದಕ್ಕ ಹಾಕಿದವರ ಹೆಸರು ಶಂಕರೆಪ್ಪ. ಏನು ಬದಲಿ ಅನ್ನೂ ಜಾಗಾದಾಗ "ಚಿತ್ರ ಸರಿ ಮಾಡೇನಿ" ಅಂತ ಅಷ್ಟ, ನರ್ಸಬಾಯಿ ಹೆಸರಿಲ್ಲ. ನಡದದ್ದು ಇಷ್ಟ: ನಂದಾ ತನ್ನ ಹಂತೇಕ ಇದ್ದ ಹಳೇ ಪ್ರತಿಯೊಳಗ ಚಿತ್ರ ಸರಿ ಮಾಡಿದ್ಲು, ಹುಕ್ ನರ್ಸಬಾಯಿ ಹೆಸರು ಕೇಳಿ ತಿರಗಿ ಕಳಿಸಿತು, ಆಕಿ ಮಾಸ್ತರ ಕಡೆ ಒಯ್ದಳು, ಅವರ ಮಷೀನಿನಾಗ ಹೊಸಾದರ ಮ್ಯಾಲ ಹಳೇದು ಕುಂತು ಹಗೇವು ಸೇರಿತು. ನಂದಾ ಅಳಕೋತ ಎಲ್ಲಾ ಒಪ್ಪಿದ್ಲು. ಮಾಸ್ತರು ಮಾತ್ರ, "ಹಾಕಿದಾಂವ ನಾನು, ಹುಡಿಗೀನ ಬಿಡ್ರಿ" ಅಂದು, ಸೀದಾ ದವಾಖಾನಿಗೆ ಹೋಗಿ ಕೂಸಿನ ಕಾಟಿನ ಬಾಜು ಕುಂತ್ರು. ಬೀರದೇವ ಅವರ ಓಣ್ಯಾಂವ.

ದುಂಡಪ್ಪ ಸಾಹೇಬ್ರಿಗೆ ಹಿರ್ಯಾರನ್ನ ಬೈಯೂ ಧೈರ್ಯ ಇಲ್ಲ, ಇಟ್ಟುಕೊಳ್ಳೂ ಧೈರ್ಯನೂ ಇಲ್ಲ. "ನಾಳೆ ಮಾಸ್ತರದು ಸತ್ಕಾರ ಇಡೂಣು. ವಯಸ್ಸಾತು, ವಿಶ್ರಾಂತಿ ತಗೋಳ್ಳಿ" ಅಂದ್ರು. ಶಾಲು ಹೊಚ್ಚಿ, ತೆಂಗಿನಕಾಯಿ ಕೊಟ್ಟು, ನಾಕು ಒಳ್ಳೇ ಮಾತಾಡಿ ಮನಿಗೆ ಕಳಸೂದು. ನಮ್ಮ ಕಡೆ ಮರ್ಯಾದೀಲೆ ಹೊರಗ ಹಾಕೂ ದಾರಿ ಅದ ಅಲ್ಲೇನ್ರಿ.

ಸಂಜಿ ಮನ್ಯಾಗ ರೊಟ್ಟಿ ಬಡಕೋತ ಮಾಸುಮಬಿ ಗಂಡನ ಮುಂದ ಎಲ್ಲಾ ಹೇಳಿದ್ಲು. ಗಂಡ ಗುಲಾಬ ತಾಂಬ್ರದ ಭಾಂಡೆಕ್ಕ ಕಲಾಯಿ ಮಾಡಾಂವ. ಊರಾಗ ಸ್ಟೀಲ್ ಬಂದು ತಾಂಬ್ರ ಹ್ವಾದ ಮ್ಯಾಲ ಅವನ ಭಟ್ಟಿ ವಾರಕ್ಕೊಮ್ಮೆ ಹತ್ತತಿತ್ತು.

"ಆ ಮೂರು ಸಾಲು ನೀ ಹಾಕಿದ್ದು ಹಗೇವಿನ ದಾಖಲಾದಾಗ ಐತೇನು?" ಅಂತ ಕೇಳಿದ.

"ಇಲ್ಲ. ಹುಕ್ ಹಗೇವಿನ ಬಾಗಲದಾಗ ಇರತೈತಿ, ಒಳಗ ಅಲ್ಲ. ಅದನ್ನ ಯಾರು ತಿದ್ದಿದ್ರೂ ದಾಖಲಾ ಉಳಿಯೂದಿಲ್ಲ."

"ಹಂಗಾದ್ರ ತಗದು ಒಗಿ. ಯಾರು ನೋಡ್ಯಾರ? ಮಾಸ್ತರಿಗೆ ಹೆಂಗೂ ವಯಸ್ಸಾಗೈತಿ."

ಗುಲಾಬ ಕೆಟ್ಟಾಂವ ಅಲ್ಲ, ಹೆಂಡತಿ ಮುಖ ನೋಡಿ ಅಂದದ್ದು ಅದು. ಮಾಸುಮಬಿಗೂ ಅದ ಸರಿ ಅನಸಿತು. ಹದಿನೈದು ವರ್ಷ ಮಂದಿ ತಪ್ಪು ನಾ ಹೊತ್ತೇನಿ, ಒಮ್ಮೆ ನನ್ನ ತಪ್ಪು ಬ್ಯಾರೆಯವರು ಹೊತ್ರ ಏನಾತು? ಹಂಗ ಅಂದಕೊಂಡದ್ದಕ್ಕ ತನ್ನ ಮ್ಯಾಲ ತನಗ ಹೇಸಿಕಿ ಬಂತು. ಆದ್ರೂ ಮುಂಜಾನಿ ಎಲ್ಲಾರಕಿಂತ ಮೊದಲ ಹೋಗಿ ಹುಕ್ಕಿನ ಕಡತ ತಗದ್ಲು. ಮೂರು ಸಾಲು ಕಣ್ಣ ಮುಂದ ಇದ್ದವು. ಅಳಸಿದ್ರ ಮುಗೀತು, ಜಗತ್ತಿನಾಗ ಯಾರಿಗೂ ಗೊತ್ತಾಗೂದಿಲ್ಲ.

ಅಷ್ಟರಾಗ ಮಾಸ್ತರ ದನಿ ಕೇಳಿತು. ಮಂದಿ ಕೂಡಿದ್ರು. ಮೇಜಿನ ಮ್ಯಾಲ ಶಾಲು, ತೆಂಗಿನಕಾಯಿ. ಯಲ್ಲವ್ವನೂ ಬಂದಿದ್ಲು, ಕೂಸು ಗಂಜಿ ಕುಡೀತು ಅಂತ ಸುದ್ದಿ ತಂದಿದ್ಲು. ಮಾಸುಮಬಿ ಬಾಗಲದಾಗ ನಿಂತ್ಲು. ದುಂಡಪ್ಪ ಸಾಹೇಬ್ರು ಏನೋ ಹೇಳಾಕ ಎದ್ರು. ಮಾಸ್ತರು ಕೈ ಎತ್ತಿ ಅವರನ್ನ ಕುಂದರಿಸಿದ್ರು.

"ಶಾಲು ಆಮ್ಯಾಲ ಹೊಚ್ಚೀರಂತ. ಮೊದಲ ನಂದೊಂದು ಮಾತೈತಿ," ಅಂದ್ರು. "ನನ್ನ ಎರಡೂ ಕಣ್ಣಾಗ ಪೊರಿ ಬಂದೈತಿ. ವರ್ಷ ಆತು, ಯಾರ ಮುಂದೂ ಹೇಳಿಲ್ಲ. ಅಕ್ಷರ ಹೆಂಗೋ ಹಿಡೀತೇನಿ, ಸಣ್ಣ ಅಂಕಿ ಕಾಣಸೂದಿಲ್ಲ. ಕೆಲಸಾ ಬಿಡಬೇಕು ಅಂತ ಇದ್ದೆ. ಆದ್ರ ನಮ್ಮ ಮಾಸುಮಬಿ ಸರ್ವರಿನಾಗ ಕಾವಲಿ ಕೂಡಿಸಿದ್ಲು. ಮೊದಲನೇ ದಿನಾನ ಅದು ನನ್ನ ಮೂರು ಸಲ ತಿರಗಿ ಕಳಿಸಿತು. ಸಿಟ್ಟು ಬಂತು, ಖರೆ. ಮನಿಗೆ ಹೋಗಿ ವಿಚಾರ ಮಾಡಿದೆ, ಅಡ್ಡಿಲ್ಲ, ನನ್ನ ಕಣ್ಣು ತಪ್ಪಿದ್ರ ಇದು ಹಿಡೀತೈತಿ ಅಂತ ಧೈರ್ಯ ಬಂತು. ಮರುದಿನದಿಂದ ಅದು ಒಮ್ಮೆನೂ ನನ್ನ ತಿರಗಿ ಕಳಸಲಿಲ್ಲ. ನಾನು ಬರೋಬರಿ ಮಾಡಾಕ ಹತ್ತೇನಿ ಅಂತ ತಿಳಕೊಂಡೆ. ನಂದಾ ತಂದದ್ದನ್ನೂ ಹಂಗ ಹಾಕಿದೆ, ತಪ್ಪಿದ್ರ ಅದು ಬ್ಯಾಡ ಅಂತಿತ್ತಲ್ಲ ಅಂತ. ಈ ಸಲ ಯಾಕ ಅನ್ನಲಿಲ್ಲೋ ತಿಳೀವಲ್ಲದು."

ಮಾಸ್ತರು ಚಹಾ ಬಿಟ್ಟದ್ದನ್ನ ಅಷ್ಟ ಮಾಸುಮಬಿ ನೋಡಿದ್ಲು. ಮರುದಿನ ಮಾಸ್ತರು ತನ್ನ ಕಾವಲಿನ ನಂಬಿ ಬಂದಿದ್ರು, ಅಷ್ಟರಾಗ ತಾನು ಆ ಕಾವಲಿ ಕಣ್ಣು ಕಟ್ಟಿ ಇಟ್ಟಿದ್ಲು.

"ಮಾಸ್ತರ," ಅಂದ್ಲು. ಬಾಗಲ ಬಿಟ್ಟು ಮುಂದ ಬಂದ್ಲು. ಮತ್ತೊಮ್ಮೆ ಅಂದ್ಲು. "ಮಾಸ್ತರ, ಅದು ನಿಮಗ ಬ್ಯಾಡ ಅನ್ನೂದ ಇಲ್ರಿ. ನಾನ ಹಂಗ ಮಾಡಿ ಇಟ್ಟೇನ್ರಿ."

ಎಲ್ಲಾರನ್ನೂ ಜೀನಾದ ಕೆಳಗ ಕರಕೊಂಡು ಹೋಗಿ ಆ ಮೂರು ಸಾಲು ತೋರಿಸಿದ್ಲು. ಒಂದೊಂದನ್ನ ಓದಿ ಅರ್ಥ ಹೇಳಿದ್ಲು. ಯಾವತ್ತ ಹಾಕಿದೆ, ಯಾಕ ಹಾಕಿದೆ, ಎಲ್ಲಾ. ದುಂಡಪ್ಪ ಸಾಹೇಬ್ರು, "ಎಂಟು ತಿಂಗಳು ಬಾಯಾಗ ಏನು ಇಟಗೊಂಡಿದ್ದಿ?" ಅಂತ ಒದರಿದ್ರು. ಅವರು ಅನ್ನೂದು ಖರೇನ ಇತ್ತು. ಎಲ್ಲಾರ ಮುಂದ ಮೂರೂ ಸಾಲು ಅಳಸಿದ್ಲು.

ಮಾಸ್ತರು ತಮ್ಮ ಮಷೀನಿಗೆ ಹೋಗಿ ಕುಂತು, ನೆಗಡಿ ಔಷಧದ ಹಾಳಿ ತಗದು, ಯಲ್ಲವ್ವನ ಕಡೆ ಅಂಕಿ ಓದಿಸಿಕೊಂಡು, ಎರಡು ಇದ್ದದ್ದನ್ನ ಒಂದು ಮಾಡಿದ್ರು. ಬೇಕಂತ ಏನೂ ಬರೀದ ಹಗೇವಿಗೆ ಹಾಕಿದ್ರು.

ತಿರಗಿ ಬಂತು.

ಮಾಸ್ತರು ಮಾರಿ ಪರದೆಗೆ ಹತ್ತಿ ಹೋಗೂವಷ್ಟು ಬಗ್ಗಿ, ಒಂದೊಂದ ಅಕ್ಷರ ಹಿಡದು ಗಟ್ಟಿಯಾಗಿ ಓದಿದ್ರು. "ತಪ್ಪು... ತಿಳಕೋಬ್ಯಾಡ್ರಿ. ಏನು ಬದಲಿ ಮಾಡೀರಿ, ಯಾರು ನೋಡ್ಯಾರ..." ಓದಿ ಮುಗಿಸಿ ಹೊಳ್ಳಿ ಆಕಿನ ನೋಡಿದ್ರು.

"ಸಾಲ್ಯಾಗ ನಿನ್ನ ಪಾಟಿ ಮ್ಯಾಲ ತಪ್ಪು ಇದ್ದಾಗ, ನಮ್ಮ ಮಾಸುಮಬಿ ಅಂತ ನಾ ಒಮ್ಮೆರ ಗೆರಿ ಎಳೀದ ಬಿಟ್ಟಿದ್ನೇನವ್ವಾ?"

"ಇಲ್ರಿ ಮಾಸ್ತರ."

"ಮತ್ತ ನನ್ನ ಯಾಕ ಬಿಟ್ಟಿ?"

ಮಾಸ್ತರು ಹೊಳ್ಳಿ ಪರದೆ ಕಡೆ ಮಾರಿ ಮಾಡಿ, ಒಂದ ಬೆರಳಿಲೆ ಹುಡುಕಿ ಹುಡುಕಿ, ಏನು ಬದಲಿ ಮಾಡೇನಿ ಅನ್ನೂದನ್ನ ಬರಿಯಾಕ ಹತ್ತಿದ್ರು.